ಹಲಸಿನ ಮರದ ಬಾಸ್ಕೆಟ್‌ಬಾಲ್

ನಮ್ಮ ಮನೆಯಲ್ಲಿರುವ ಹುಡುಗಿಯ ವಾಸಸ್ಥಳ ಬಂಟ್ವಾಳ ಎಂದು ಕಾಲೇಜಿನ ಅರ್ಜಿಯಲ್ಲಿ ಬರೆದಿದೆ. ಅರ್ಜಿಗೆ ಸಹಿ ಹಾಕಿದವನು ನಾನೇ. ಆದರೂ ಹೇಳುತ್ತೇನೆ, ಅದು ಶುದ್ಧ ಸುಳ್ಳು! ಬೆಳಗ್ಗೆ ಐದೂವರೆಯಿಂದ ಏಳೂವರೆಯ ತನಕ ಅವಳು ಅಮೆರಿಕದಲ್ಲಿರುತ್ತಾಳೆ. ಆಮೇಲೆ ಮೂಡುಬಿದಿರೆಯ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ಸಂಗೀತ ಕಛೇರಿಯ ಮೊದಲ ಸಾಲಿನಲ್ಲಿ. ಸಂಜೆ ಬಂದ ಮೇಲೆ ಸಿನಿಮಾದೊಳಗೆ. ಊಟಕ್ಕೆ ಕುಳಿತಾಗ ಹತ್ತು ನಿಮಿಷ ಮಾತ್ರ ಬಂಟ್ವಾಳದಲ್ಲಿ ಸಿಗುತ್ತಾಳೆ, ಅದೂ ಮೀನು ಇದ್ದರೆ.

ಇವಳು ನನ್ನ ಅಕ್ಕನ ಮಗಳು. ಅಕ್ಕ ಭಾವ ಇರುವುದು ಮುಂಡಾಜೆಯಲ್ಲಿ. ಚಾರ್ಮಾಡಿ ಘಾಟಿ ಹತ್ತುವವರು ಚಹಾ ಕುಡಿಯುವ ಒಂದು ಹೋಟೆಲು ನಡೆಸುತ್ತಾರೆ. ನಮ್ಮಲ್ಲಿಂದಾದರೆ ಮೂಡುಬಿದಿರೆಯ ಕಾಲೇಜಿಗೆ ಒಂದೇ ಬಸ್ಸು ಸಾಕು ಎಂದು ಹುಡುಗಿಯನ್ನು ಇಲ್ಲಿ ಬಿಟ್ಟರು. ನನಗೆ ಪೇಟೆಯಲ್ಲಿ ವಾಚ್ ರಿಪೇರಿ ಅಂಗಡಿ. ಮದುವೆ ಆಗಿಲ್ಲ. ಮನೆಯಲ್ಲಿ ನಾನು ಮತ್ತು ಎಪ್ಪತ್ತಾರು ದಾಟಿದ ನನ್ನ ಅಮ್ಮ, ಇಬ್ಬರೇ. ಇಡೀ ದಿನ ಟಿಕ್ ಟಿಕ್ ಕೇಳಿ ಬರುವವನಿಗೆ ಮನೆಯಲ್ಲಿ ಬೇಕಾದದ್ದು ಮೌನ. ಅದು ಧಾರಾಳವಾಗಿ ಸಿಗುತ್ತಲೂ ಇತ್ತು, ಇವಳು ಎರಡು ಚೀಲ ಮತ್ತು ಒಂದು ಕಿತ್ತಳೆ ಬಣ್ಣದ ಚೆಂಡಿನೊಡನೆ ರಿಕ್ಷಾದಿಂದ ಇಳಿಯುವ ತನಕ.

ಮೊದಲ ಅನಾಹುತ ಒಂದು ಬೆಳಗ್ಗೆ ನಡೆಯಿತು. ಅಮೆರಿಕದವರು ರಾತ್ರಿ ಆಡುವ ಬಾಸ್ಕೆಟ್‌ಬಾಲ್ ನಮಗೆ ಮುಂಜಾನೆ ಫೋನಿನಲ್ಲಿ ಬರುತ್ತದಂತೆ. ನನಗೇನು ಗೊತ್ತು? ನಸುಕಿನಲ್ಲಿ ಚಾವಡಿಯಿಂದ ಒಂದು ಕಿರುಚಾಟ ಕೇಳಿ ನಾನು ಚಾಪೆಯಿಂದ ಹಾರಿ ಬಿದ್ದೆ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಡಿಗೆ ಹಿಡಿದು ಓಡಿ ಬಂದರು.

"ಎಲ್ಲಿ ಹಾವು? ಯಾವ ಕಡೆಗೆ ಹೋಯ್ತು?"

"ಹಾವಲ್ಲ, ಮೂರು ಪಾಯಿಂಟು" ಎಂದಳು ಹುಡುಗಿ, ಫೋನಿನಿಂದ ಕಣ್ಣು ತೆಗೆಯದೆ.

ಪೋಸ್ಟ್‌ಮಾಸ್ಟರು ಗೊಣಗುತ್ತ ಹೋದರು. ಮರುದಿನ ಕಿರುಚಿದಾಗಲೂ ಬಂದರು, ಬಡಿಗೆ ಇಲ್ಲದೆ. ಮೂರನೆಯ ದಿನ ಕಿರುಚುವ ಮೊದಲೇ ಬಂದು ಕುರ್ಚಿ ಎಳೆದು ಕುಳಿತು, "ಇವತ್ತು ನಮ್ಮವರು ಯಾರು?" ಎಂದು ಕೇಳಿದರು. ಈಗ ಅವರಿಗೆ ನಮ್ಮ ಮನೆಯಲ್ಲೇ ಬೆಳಗಿನ ಕಾಫಿ.

ನೋಡಿದರೆ ಸಾಕೇ? ಆಡಬೇಡವೇ? ಇವಳ ಎತ್ತರ ನನ್ನ ಭುಜಕ್ಕೂ ಬರುವುದಿಲ್ಲ. ಕಾಲೇಜು ತಂಡದಲ್ಲಿ ಇವಳಿಗೆ ಸಿಕ್ಕಿದ ಹುದ್ದೆ ಎಂದರೆ ಮೈದಾನದ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುವುದು. ಅದರಿಂದ ಅವಳಿಗೆ ಎಳ್ಳಷ್ಟೂ ಬೇಸರವಿಲ್ಲ. ಮನೆಯಂಗಳದ ಹಲಸಿನ ಮರಕ್ಕೆ ಒಂದು ಕಬ್ಬಿಣದ ರಿಂಗು ಹೊಡೆದುಕೊಡಿ ಎಂದು ನನ್ನ ಬೆನ್ನು ಹತ್ತಿದಳು. ವೆಲ್ಡಿಂಗ್ ಅಂಗಡಿಯವ ಅಳತೆ ಕೇಳಿ, "ಎಂಥದ್ದು ಇದು, ಹಂಡೆ ಇಡ್ಲಿಕ್ಕಾ?" ಎಂದ. ಹಂಡೆಗೇ ಎಂದುಬಿಟ್ಟೆ, ಈ ವಯಸ್ಸಿನಲ್ಲಿ ಬಾಸ್ಕೆಟ್‌ಬಾಲ್ ಎಂದರೆ ಪೇಟೆಯಲ್ಲಿ ನನ್ನ ಗೌರವ ಉಳಿಯುತ್ತದೆಯೇ? ರಿಂಗಿನ ಬಲೆಗೆಂದು, ಮನೆಮನೆಗೆ ಬರುವ ಮೀನಿನವ ತನ್ನ ಹರಿದ ಬೀಸುಬಲೆಯ ಒಂದು ತುಂಡು ಕೊಟ್ಟ. ರಿಂಗು ನೆಲದಿಂದ ಸರಿಯಾಗಿ ಹತ್ತಡಿ ಎತ್ತರದಲ್ಲಿರಬೇಕು, ಅದು ಲೋಕಕ್ಕೇ ಇರುವ ನಿಯಮ ಎಂದಳು. ನಮ್ಮ ಏಣಿ ಮುಗಿಯುವುದು ಎಂಟೂವರೆ ಅಡಿಗೆ. ನನ್ನ ಧೈರ್ಯ ಮುಗಿಯುವುದು ಅದಕ್ಕಿಂತ ಮೊದಲೇ! ಲೋಕದ ನಿಯಮ ಬಂಟ್ವಾಳದಲ್ಲಿ ಒಂದೂವರೆ ಅಡಿ ತಗ್ಗಿತು.

ಅಮ್ಮ ಜಗಲಿಯಲ್ಲಿ ಕುಳಿತು ದಿನಾ ಇದನ್ನು ನೋಡುತ್ತಿದ್ದಳು. ಹುಡುಗಿ ಅವಳಿಗೆ ಆಟದ ನಿಯಮಗಳನ್ನೆಲ್ಲ ಕಲಿಸಿದಳು. "ಚೆಂಡು ಕೈಯಲ್ಲಿ ಹಿಡ್ಕೊಂಡು ನಡೀಬಾರ್ದು ಅಜ್ಜಿ, ಅದು ತಪ್ಪು."

"ನಡೆದರೆ ತಪ್ಪಾ? ಇದು ಯಾವ ಸೀಮೆಯ ಆಟ ಬಾಲೆ" ಎಂದಳು ಅಮ್ಮ.

ಇನ್ನು ಹರಕೆಯ ಪ್ರಕರಣ. ಇವಳ ಮೆಚ್ಚಿನ ಅಮೆರಿಕದ ತಂಡ ಕೊನೆಯ ಸುತ್ತಿಗೆ ಬಂದಿತ್ತು. ಅದು ಗೆದ್ದರೆ ನಮ್ಮ ಗ್ರಾಮದ ದೈವಕ್ಕೆ ಐದು ಬೊಂಡ ಎಳನೀರು ಕೊಡುತ್ತೇನೆಂದು ಹರಕೆ ಹೇಳಿಕೊಂಡಳು. ನಾನು ಕಾನೂನು ತೆಗೆದೆ. "ದೈವಕ್ಕೆ ಗಡಿ ಅಂತ ಒಂದು ಉಂಟು ಮಾರಾಯ್ತಿ. ಹೊಳೆಯ ಆಚೆ ಬೇರೆ ದೈವ. ಅಮೆರಿಕಕ್ಕೆ ನಮ್ಮದು ಹೇಗೆ ಹೋಗುವುದು?"

"ದುಬಾಯಿಯಲ್ಲಿ ಇರುವವರು ಕರೆದರೆ ಹೋಗುವುದಿಲ್ವಾ ಮಾವ?"

"ಅವರು ಇಲ್ಲಿಯ ಮಕ್ಕಳು."

"ಪಂದ್ಯ ನೋಡುವವಳೂ ಇಲ್ಲಿಯವಳೇ ಅಲ್ವಾ?"

ಪೋಸ್ಟ್‌ಮಾಸ್ಟರು, ವಿಳಾಸ ಸರಿ ಇದ್ದರೆ ಎಲ್ಲಿಗಾದರೂ ತಲುಪುತ್ತದೆ ಎಂದರು. ತಂಡ ಸೋತಿತು. ಇವಳು ಮರುದಿನ ಐದು ಬೊಂಡ ಕೊಟ್ಟೇ ಬಂದಳು. ಯಾಕೆ ಎಂದರೆ, "ಪಾಪ, ಅಷ್ಟು ದೂರ ಹೋಗಿ ಬಂದಿರ್ತದೆ, ಬಾಯಾರಿರ್ತದೆ" ಎಂದಳು. ಅಮ್ಮ ಅಂದು ನಕ್ಕ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸಂಗೀತದ ವಿಷಯ ಹೇಳುವುದೇ ಬೇಡ. ಅವಳ ಪ್ರಕಾರ ಮನುಷ್ಯರು ಸುಮ್ಮನೆ ಒಳಗೆ ಬರಬಾರದು, ಪ್ರವೇಶಕ್ಕೊಂದು ಹಾಡು ಬೇಕು. ನಾನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವಾಗ ಯುದ್ಧಕ್ಕೆ ಹೊರಟವರಿಗೆ ಬಾರಿಸುವಂಥ ನಗಾರಿ. ಕೈಯಲ್ಲಿರುವುದು ಅರ್ಧ ಕಿಲೋ ಬೆಂಡೆಕಾಯಿ! ಮೀನಿನವನ ಹಾರ್ನ್ ಕೇಳಿದರೆ ತುಳು ಹಾಡು ಒಂದು ಎದ್ದೇಳುತ್ತಿತ್ತು. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಹಾಡು ಬರುವ ತನಕ ಗೇಟಿನ ಹೊರಗೆ ಬೂತಾಯಿ ಮೀನು ಹಿಡಿದು ಕಾಯುತ್ತಿದ್ದ.

ಸಿನಿಮಾ ನೋಡಲು ಬೆಳ್ತಂಗಡಿಗೆ ಒಂದು ಸಲ ನನ್ನನ್ನೂ ಎಳೆದುಕೊಂಡು ಹೋದಳು. ಸಿನಿಮಾ ಮುಗಿಯಿತು, ಜನ ಎದ್ದು ಹೋದರು, ಗುಡಿಸುವ ಹೆಂಗಸು ಹಿಡಿಸೂಡಿ ಹಿಡಿದು ನಮ್ಮ ಕಾಲ ಬುಡಕ್ಕೆ ಬಂದಳು. ಇವಳು ಏಳುವುದಿಲ್ಲ. ಪರದೆಯ ಮೇಲೆ ಹೆಸರುಗಳು ಹೋಗುತ್ತಿವೆ. ಲೈಟು ಹಿಡಿದವರು, ಬಟ್ಟೆ ಇಸ್ತ್ರಿ ಮಾಡಿದವರು, ಅಡುಗೆ ಮಾಡಿದವರು. ಕೊನೆಯ ಹೆಸರು ಹೋಗುವ ತನಕ ಕುಳಿತು ಚಪ್ಪಾಳೆ ತಟ್ಟಿದಳು. "ಎಲ್ಲರೂ ಎದ್ದು ಹೋದರೆ ಅವರ ಹೆಸರು ಓದುವುದು ಯಾರು ಮಾವ?" ಎಂದಳು. ಗುಡಿಸುವ ಹೆಂಗಸು ಕೂಡ ಹಿಡಿಸೂಡಿ ಕಂಕುಳಲ್ಲಿಟ್ಟು ಎರಡು ಚಪ್ಪಾಳೆ ತಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ.

ಹೀಗೆ ಒಂದು ವರ್ಷ ಹೋಯಿತು. ಈ ಗಲಾಟೆಯನ್ನು ನಾನು ಬಾಯ್ತುಂಬ ಬಯ್ಯುತ್ತಿದ್ದೆ. ಈಗ ಒಪ್ಪಿಕೊಳ್ಳುತ್ತೇನೆ, ಬಯ್ಯುವುದಕ್ಕೆ ಏನೋ ಸಿಕ್ಕಿದೆ ಎಂಬ ಸುಖವೇ ಸಂಜೆ ನನ್ನನ್ನು ಬೇಗ ಮನೆಗೆ ಎಳೆಯುತ್ತಿತ್ತು.

ಮಳೆ ಶುರುವಾದ ವಾರ ಅಮ್ಮ ಅಂಗಳದಲ್ಲಿ ಬಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಪೋಸ್ಟ್‌ಮಾಸ್ಟರು ಬೇಲಿಯಾಚೆಯಿಂದ ಕಂಡು ನನಗೆ ಫೋನು ಮಾಡಿದರು. ಸೊಂಟದ ಮೂಳೆ ಮುರಿದಿತ್ತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಪಾಚಿಯಲ್ಲಿ ಕಾಲು ಜಾರಿತು ಎಂದು ಅಮ್ಮ ಎಲ್ಲರಿಗೂ ಹೇಳಿದಳು. ವಾಕರ್ ಹಿಡಿದು ದಿನಾ ನಡೆಸಿ, ಈಗ ನಡೆಯದಿದ್ದರೆ ಮುಂದೆ ಮಲಗಿಯೇ ಇರಬೇಕಾದೀತು ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು.

ಅಮ್ಮ ನಡೆಯಲಿಲ್ಲ. ವಾಕರ್ ಹಿಡಿದು ಎದ್ದು ನಿಲ್ಲುವುದು, ಮುಖ ಬಿಳಿಚಿಕೊಂಡು ಕುಳಿತುಬಿಡುವುದು. ಇನ್ನೊಮ್ಮೆ ಬಿದ್ದರೆ ಎಂಬ ಹೆದರಿಕೆ. ವ್ಯಾಯಾಮ ಮಾಡಿಸುವವರು ಒಂದು ದಿನ ಬಂದು ತುಂಬ ಒತ್ತಾಯ ಮಾಡಿದಾಗ ಅಮ್ಮ ಹುಡುಗಿಯ ಕಡೆ ನೋಡಿ, "ನಡೆದರೆ ತಪ್ಪು ಅಂತ ಇವಳ ಆಟದಲ್ಲೇ ಉಂಟು" ಎಂದಳು. ಹಿಂದಿನ ಹುಡುಗಿಯಾದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವಳು ಎದ್ದು ಒಳಗೆ ಹೋದಳು.

ಆಗಲೇ ನನ್ನ ಲಕ್ಷ್ಯಕ್ಕೆ ಬಂದದ್ದು. ಮನೆಯಲ್ಲಿ ಹಾಡಿಲ್ಲ. ಬೆಳಗ್ಗೆ ಕಿರುಚಾಟವಿಲ್ಲ. ಪೋಸ್ಟ್‌ಮಾಸ್ಟರು ಎರಡು ದಿನ ಬಂದು ಕುಳಿತು, ಸುಮ್ಮನೆ ಕಾಫಿ ಕುಡಿದು ಹೋದರು. ಮೀನಿನವ ಗೇಟಿನ ಹೊರಗೆ ಕಾದು, ಕೊನೆಗೆ ತಾನೇ ಒಳಗೆ ಬಂದು, "ಮಗು ಊರಿಗೆ ಹೋಗಿದೆಯಾ?" ಎಂದು ಕೇಳಿದ. ಮಗು ಮನೆಯಲ್ಲೇ ಇತ್ತು. ಅಜ್ಜಿಗೆ ಹೊತ್ತು ಹೊತ್ತಿಗೆ ಮಾತ್ರೆ, ಬಿಸಿನೀರು, ಗಂಜಿ. ಒಂದೂ ತಪ್ಪುತ್ತಿರಲಿಲ್ಲ. ಚೆಂಡನ್ನು ಅಟ್ಟಕ್ಕೆ ಹಾಕಿದ್ದಳು. ನಾನು ವರ್ಷವಿಡೀ ಬೇಡಿದ ಮೌನ ಕೊನೆಗೂ ಬಂದಿತ್ತು. ಅದನ್ನು ನಾನು ಒಂದು ವಾರ ಕೂಡ ತಡೆದುಕೊಳ್ಳಲಾರದೆ ಹೋದೆ.

ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಅವಳು ನೇರ ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕುಳಿತು ನಾನು ಬಿಚ್ಚಿಟ್ಟ ವಾಚನ್ನೇ ನೋಡುತ್ತ, "ಮಾವ, ಆ ರಿಂಗು ತೆಗೀರಿ" ಎಂದಳು.

"ಯಾಕೆ?"

"ಅವತ್ತು ಬಸ್ಸಿಗೆ ಹೊತ್ತಾಗಿತ್ತು. ಚೆಂಡು ಎಲ್ಲಿಟ್ಟೆ ಅಂತ ನೆನಪಿಲ್ಲ. ನಾನು ಬರುವಾಗ ಅಂಗಳದಲ್ಲಿ ಮೆಟ್ಟಿಲ ಬುಡದಲ್ಲಿತ್ತು. ಅಜ್ಜಿ ಅದನ್ನು ಎಡವಿ ಬಿದ್ದದ್ದು. ನನಗೆ ಬೇಜಾರಾಗ್ತದೆ ಅಂತ ಪಾಚಿ ಅಂತ ಹೇಳ್ತಾರೆ." ಆಮೇಲೆ ಬಹಳ ಮೆಲ್ಲಗೆ, "ಅಜ್ಜಿ ಇನ್ನು ನಡೆಯದಿದ್ದರೆ ಅದು ನನ್ನಿಂದ" ಎಂದಳು.

ಹದಿನೇಳು ವರ್ಷದ ಮಗು ಇದನ್ನು ಒಬ್ಬಳೇ ಹೊತ್ತುಕೊಂಡು ಇಷ್ಟು ದಿನ ಗಂಜಿ ಬೇಯಿಸಿದೆ. ನನಗೆ ದುಃಖ ಉಕ್ಕಿ ಬಂತು. ಅಂಗಡಿಗೆ ಬೀಗ ಹಾಕಿ ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ಅಮ್ಮನ ಮುಂದೆ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಮ್ಮ ಮಂಚದ ಅಂಚಿನಲ್ಲಿ ಕುಳಿತಿದ್ದಳು. ತುಂಬ ಹೊತ್ತು ಸೀರೆಯ ಸೆರಗನ್ನು ಮಡಚಿದಳು, ಬಿಡಿಸಿದಳು. ನಾಚಿಕೆಯಾದಾಗ ಅವಳು ಹಾಗೆ ಮಾಡುವುದು.

"ಚೆಂಡು ಮೆಟ್ಟಿಲಲ್ಲಿ ಇರಲಿಲ್ಲ ಬಾಲೆ. ಜಗಲಿಯಲ್ಲಿ ಕುರ್ಚಿಯ ಅಡಿಯಲ್ಲಿ ಇತ್ತು. ನಾನೇ ತೆಗೆದದ್ದು."

"ಯಾಕೆ ಅಜ್ಜಿ?"

"ಹಾಕಿ ನೋಡುವ ಅಂತ."

"ಎಲ್ಲಿಗೆ? ರಿಂಗಿಗಾ?" ಎಂದೆ ನಾನು.

"ಮತ್ತೆಲ್ಲಿಗೆ? ದೀಪಾವಳಿ ಕಳೆದ ಮೇಲೆ ದಿನಾ ಹಾಕ್ತಾ ಇದ್ದೆ. ನೀವು ಇಬ್ಬರೂ ಹೋದ ಮೇಲೆ. ಇದ್ದರೆ ನಗ್ತೀರಿ. ಅವತ್ತು ಮಳೆ ಬಂದು ಅಂಗಳ ಜಾರ್ತಾ ಇತ್ತು, ಒಂದು ದಿನ ಬಿಡಬಹುದಿತ್ತು. ಬಿಡ್ಲಿಕ್ಕೆ ಮನಸ್ಸಾಗಲಿಲ್ಲ."

ಏಳು ತಿಂಗಳು! ಪೋಸ್ಟ್‌ಮಾಸ್ಟರ ಕಣ್ಣಿಗೂ ಬೀಳದೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನನ್ನ ಅಮ್ಮ ಹಲಸಿನ ಮರದ ಕೆಳಗೆ ಒಬ್ಬಳೇ ಬಾಸ್ಕೆಟ್‌ಬಾಲ್ ಆಡಿದ್ದಳು. ಈಗ ಆ ಗುಟ್ಟು ಬಯಲಾಗಬಾರದೆಂದು ಬಿದ್ದದ್ದರ ತಪ್ಪನ್ನು ಪಾಚಿಯ ಮೇಲೆ ಹಾಕಿದ್ದಳು.

ಹುಡುಗಿ ಅವಳ ಕಾಲ ಬಳಿ ಕುಕ್ಕರಿಸಿದಳು. "ನಿಮಗೆ ಯಾಕೆ ಬೇಕಿತ್ತು ಅಜ್ಜಿ?"

"ನೀನು ದಿನಾ ಅಷ್ಟು ಖುಷಿಯಲ್ಲಿ ಹಾಕ್ತಿದ್ದೆ. ಅದರಲ್ಲಿ ಎಂಥ ಉಂಟು ಅಂತ ನೋಡಬೇಕಿತ್ತು."

"ಎಂಥ ಉಂಟು?"

"ಉಂಟು ಬಾಲೆ" ಎಂದಳು ಅಮ್ಮ. "ಒಂದು ಸಲ ಬಲೆಯೊಳಗೇ ಹೋಯ್ತು. ಎಷ್ಟು ವರ್ಷ ಆಗಿತ್ತು, ನನ್ನಿಂದ ಅಂಥದ್ದೊಂದು ಆಗಿ. ಆದರೆ ಯಾರಿಗೆ ಹೇಳುವುದು? ಮನೆಯಲ್ಲಿ ಯಾರೂ ಇರಲಿಲ್ಲ."

ಹುಡುಗಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಇಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ನನಗೆ ಹೇಳಿ. ಮೊದಲಿಂದ ಹೇಳಿ. ಎಲ್ಲಿ ನಿಂತು ಹಾಕಿದ್ದು?" ಎಂದು ಕೇಳಿದಳು.

"ಅಲ್ಲಿ, ತುಳಸಿಕಟ್ಟೆಯ ಹತ್ತಿರ."

"ಈಚೆಗಾ, ಆಚೆಗಾ?"

"ಆಚೆಗೆ. ನಿನಗೆ ಹೇಳಿದರೆ ಗೊತ್ತಾಗುವುದಿಲ್ಲ" ಎಂದು ಅಮ್ಮ ವಾಕರ್ ಎಳೆದುಕೊಂಡು ಎದ್ದಳು. "ಬಲಗಾಲು ಮುಂದೆ ಇತ್ತು. ಚೆಂಡು ಎರಡೂ ಕೈಯಲ್ಲಿ ಹೀಗೆ." ತೋರಿಸಲು ಒಂದು ಹೆಜ್ಜೆ ಇಟ್ಟಳು. ಅಲ್ಲಿಂದ ಮರ ಕಾಣುವುದಿಲ್ಲವೆಂದು ಮತ್ತೊಂದು. "ಕಾಗೆ ಒಂದು ಕೂತಿತ್ತು ರಿಂಗಿನ ಮೇಲೆ, ಅದನ್ನು ಮೊದಲು ಓಡಿಸಿದೆ."

ನಾನು ಗೋಡೆಗೆ ಒರಗಿ ದಾರಿ ಬಿಟ್ಟೆ. ನೀನು ನಡೆಯುತ್ತಿದ್ದೀ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹುಡುಗಿ ಎರಡೂ ಕೈ ಚಾಚಿ ಅಮ್ಮನ ಮುಂದೆ ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಸರಿಯುತ್ತ, "ಮತ್ತೆ, ಅಜ್ಜಿ? ಮತ್ತೆ?" ಎಂದು ಕೇಳುತ್ತಲೇ ಇದ್ದಳು. ಅಮ್ಮ ಹೇಳುತ್ತ ಹೇಳುತ್ತ ಜಗಲಿಯ ತನಕ ಬಂದಳು.