ಹೊಸಕೇರಿಗೆ ವರ್ಗವಾಗಿ ಬಂದ ಕ್ಯಾಪಿಬಾರಾ

ಸಾರ್ವಜನಿಕರ ಸಿಟ್ಟು ಸರಕಾರಿ ಕೆಲಸಕ್ಕೆ ಅಡ್ಡಿಯೆಂಬುದು ಕಾರವಾರದ ಜನಸಮಾಧಾನ ಇಲಾಖೆಯ ಅಚಲ ಅಭಿಪ್ರಾಯವಾಗಿತ್ತು. ಆದಕಾರಣ ಇಲಾಖೆಯು ಹೊರರಾಜ್ಯದ ಮೃಗಾಲಯದಿಂದ ಒಂದು ಕ್ಯಾಪಿಬಾರಾವನ್ನು ಎರವಲು ತರಿಸಿ, ಕಚೇರಿಯ ಅಂಗಳದಲ್ಲಿ ತೊಟ್ಟಿ ಕಟ್ಟಿಸಿ, ಅದರಲ್ಲಿ ಬಿಟ್ಟಿತು. ದಕ್ಷಿಣ ಅಮೆರಿಕದ ಪ್ರಾಣಿ. ಜಾತಿಯಲ್ಲಿ ಇಲಿ, ಗಾತ್ರದಲ್ಲಿ ಹಂದಿ. ತಲೆಯ ಮೇಲೆ ಕಾಗೆ ಬಂದು ಕೂತರೂ ಕಣ್ಣು ಬಿಡದು. ದೂರು ತಂದವರು ಊಟದ ಹೊತ್ತಿನ ತನಕ ಅದರೆದುರು ಕುಳಿತು ತಾಳ್ಮೆ ಕಲಿಯತಕ್ಕದ್ದು ಎಂದು ಆದೇಶವಾಯಿತು. ಊಟದ ನಂತರ ಅಧಿಕಾರಿಗಳೇ ಕಣ್ಣು ಮುಚ್ಚಿ ತಾಳ್ಮೆ ಅಭ್ಯಾಸ ಮಾಡುತ್ತಿದ್ದುದರಿಂದ ದೂರುಗಳು ಬಹಳ ಕಡಿಮೆಯಾದವು.

ಅಂಕೋಲೆಯ ಆಚೆ ಹೊಸಕೇರಿಯ ಗಂಗೆಗೆ ಇದ್ದದ್ದು ನೀರಿನ ದೂರು. ನೌಕಾನೆಲೆಗೆ ಜಾಗ ಬಿಟ್ಟು ಚೆಂಡಿಯಾದಿಂದ ಎದ್ದು ಬಂದವರ ಕೇರಿ ಅದು. ಅಲ್ಲಿ ನಲ್ಲಿ ಇತ್ತು, ತೊಟ್ಟಿ ಇತ್ತು, ನೀರು ಮಾತ್ರ ಬಂದಿರಲಿಲ್ಲ. ಮಗಳು ಭವ್ಯಾ ಹೆದ್ದಾರಿ ದಾಟಿ ನೀರು ತರುವಾಗ ಬೈಕೊಂದು ಸವರಿಕೊಂಡು ಹೋಗಿ ಮೊಣಕೈ ತರಚಿತ್ತು. ಅಂದಿನಿಂದ ಹುಡುಗಿ ಕೊಡ ಎತ್ತಿದರೆ ಗಂಗೆ ಹೆದ್ದಾರಿಯ ತನಕ ಹಿಂದೆಯೇ ಓಡುತ್ತಿದ್ದಳು. ಗೇರುಬೀಜದ ಕೆಲಸ ಬಿಟ್ಟು ಅವಳು ಕಾರವಾರದ ಬಸ್ಸು ಹತ್ತಿದಳು.

ಇಡೀ ಬೆಳಿಗ್ಗೆ ಆ ಪ್ರಾಣಿಯನ್ನು ನೋಡುತ್ತ ಕೂತಳು. ಅಧಿಕಾರಿ ತುಳಸಿದಾಸ ಹೊರಬಂದು, "ಎಂತ ಕಲಿತಿರಿ ಬಾಯಿ?" ಎಂದು ಕೇಳಿದ.

"ಕುತ್ತಿಗೆ ಮಟ ನೀರಲ್ಲಿ ಕೂತರೆ ಯಾರಿಗೂ ಸಿಟ್ಟು ಬರುದಿಲ್ಲ ಸಾಯೇಬ್ರೆ."

ಕಲಿಕೆ ತೃಪ್ತಿಕರವೆಂದು ಅವಳನ್ನು ಮನೆಗೆ ಕಳಿಸಲಾಯಿತು.

ಮೇ ತಿಂಗಳಲ್ಲಿ ಅವಳು ಮತ್ತೆ ಬಂದಾಗ ಕಚೇರಿಯ ತೊಟ್ಟಿ ಬತ್ತಿತ್ತು. ಕ್ಯಾಪಿಬಾರಾ ಒಳಗೆ ನುಗ್ಗಿ ತುಳಸಿದಾಸನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಅವನು ಮೇಜಿನ ಮೇಲೆ ನಿಂತಿದ್ದ.

"ಬಾಯಿ, ಇದಕ್ಕೆ ಎಂತ ಆಗಿದೆ?"

"ನೀರಿಲ್ಲ. ನಮ್ಮ ಕೇರಿಲೂ ಹಿಂಗೇ."

"ನಿಮ್ಮ ಕೇರಿಯ ವಿಷಯ ಬೇರೆ ಶಾಖೆಗೆ ಬರ್ತದೆ."

ಗಂಗೆ ಪ್ರಾಣಿಯ ಕಡೆ ಕೈ ತೋರಿಸಿದಳು. "ಹಂಗಾರೆ ಇದನ್ನೇ ನಮ್ಮ ಕೇರಿಗೆ ಕಳ್ಸಿ ಸಾಯೇಬ್ರೆ. ತೊಟ್ಟಿ ಉಂಟು, ನಾವೂ ಉಂಟು. ನೀರೊಂದು ನೀವು ನೋಡಿ."

ತುಳಸಿದಾಸ ಮೇಜಿನ ಮೇಲಿಂದಲೇ ಮಂಜೂರು ಮಾಡಿದ. ಜನರ ನೀರಿಗೆ ಅನುದಾನ ಇರಲಿಲ್ಲ. ಪ್ರಾಣಿಗಳ ನೀರಿಗೆ ಇತ್ತು. ಇಷ್ಟು ವರ್ಷ ಕೇಳುವವರಿರಲಿಲ್ಲ.

ಅದೇ ವಾರ ಪೈಪು ಬಂತು, ಹಿಂದೆಯೇ ಟೆಂಪೋದಲ್ಲಿ ಪ್ರಾಣಿ ಬಂತು, ಕೊನೆಗೆ ಫಲಕ ಬಂತು: "ಈ ನೀರು ಕ್ಯಾಪಿಬಾರಾದ ಉಪಯೋಗಕ್ಕೆ ಮಾತ್ರ. ಮಿಕ್ಕಿದ್ದನ್ನು, ಪ್ರಾಣಿಯ ಆಕ್ಷೇಪವಿಲ್ಲದ ಪಕ್ಷದಲ್ಲಿ, ನಿವಾಸಿಗಳು ಬಳಸಬಹುದು." ಪ್ರಾಣಿ ಇಶಾಡು ಮಾವಿನ ಸಿಪ್ಪೆ ತಿನ್ನುತ್ತ ನೀರಲ್ಲಿ ಕೂತಿತು. ಅದರ ಆಕ್ಷೇಪ ಇದುವರೆಗೆ ಬಂದಿಲ್ಲ. ಆ ಸಂಜೆ ಭವ್ಯಾ ನಲ್ಲಿಯ ಬುಡದಲ್ಲೇ ಕೊಡ ತುಂಬಿಕೊಂಡಳು. ಗಂಗೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಏನೂ ಕೆಲಸವಿಲ್ಲದೆ, ನೀರು ಬೀಳುವ ಸದ್ದು ಕೇಳಿದಳು. ಹೊಸಕೇರಿಯವರು ಪ್ರಾಣಿಯಿಂದ ಸಮಾಧಾನ ಕಲಿತರೆಂದು ವರದಿ ಹೋಗಿ, ತುಳಸಿದಾಸನಿಗೆ ಶಾಲು ಹೊದಿಸಿದರು.

ಮರುವಾರ ಪಕ್ಕದ ಕೇರಿಯ ಹುಲಿಯಾ ಬಂದ. "ಗಂಗಕ್ಕಾ, ನಮ್ಮ ಕೇರಿಗೂ ಒಂದು ಕಾಪಿಬಾರ ಬೇಕಿತ್ತು. ಹೆಂಗೆ ಕೇಳುದು?"

"ನೀರು ಅಂತ ಮಾತ್ರ ಬಾಯಿ ಬಿಡ್ಬೇಡ," ಎಂದಳು ಗಂಗೆ.

ಬೇಡಿಕೆ ಎಲ್ಲ ಕೇರಿಗಳಿಂದ ಬಂದಿದ್ದರಿಂದ ಇಲಾಖೆ ಪ್ರಕಟಣೆ ಹೊರಡಿಸಿತು: "ಕ್ಯಾಪಿಬಾರಾದ ದಾಸ್ತಾನು ಇಲ್ಲ. ಅದೇ ವರ್ಗಕ್ಕೆ ಸೇರಿದ ಸ್ಥಳೀಯ ಹೆಗ್ಗಣವನ್ನು ಹಂಗಾಮಿ ಕ್ಯಾಪಿಬಾರಾ ಎಂದು ಪರಿಗಣಿಸಲಾಗುವುದು." ತಪಾಸಣೆಯ ದಿನ ಹುಲಿಯಾ ಒಂದು ಹೆಗ್ಗಣಕ್ಕೆ ಸ್ನಾನ ಮಾಡಿಸಿ, ಹೊಟ್ಟೆ ಬಿರಿಯ ಅನ್ನ ಹಾಕಿ ಬುಟ್ಟಿಯಲ್ಲಿ ಮಲಗಿಸಿದ್ದ.

"ಶಾಂತ ಸ್ವಭಾವವೇ?" ಎಂದು ತುಳಸಿದಾಸ ಕೇಳಿದ.

"ಎಬ್ಸಿದ್ರೂ ಏಳುದಿಲ್ಲ ಸಾಯೇಬ್ರೆ."

ಪೈಪಿನ ಕೆಲಸ ಶುರುವಾಯಿತು. ಈಗ ಆ ಕಡೆಯ ಕೇರಿಗಳಲ್ಲಿ ಹೆಗ್ಗಣ ಕಂಡರೆ ಯಾರೂ ಕೋಲು ಎತ್ತುವುದಿಲ್ಲ. ಹಿರಿಯರು ಎದ್ದು ದಾರಿ ಬಿಡುತ್ತಾರೆ. ಬೆಕ್ಕು ಸಾಕಿದವರಿಗೆ ನೋಟಿಸು ಬಂದಿದೆ.