ಹದಿನಾಲ್ಕು ವರ್ಷ ಕೆಡದ ಸ್ವಿಚ್ಚು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹಿತ್ತಾಳೆ ಪಟ್ಟಿ. ಕಿರುಬೆರಳಿನಷ್ಟು ಉದ್ದವಿಲ್ಲ, ಊದಿದರೆ ಹಾರುವಷ್ಟು ಹಗುರ. ಮಿಕ್ಸಿಯ ಕಿವಿ ಹಿಂಡಿದಾಗ, ಅಂದರೆ ಒಂದು, ಎರಡು, ಮೂರು ಎಂದು ಬರೆದಿರುವ ಗುಂಡಿ ತಿರುಗಿಸಿದಾಗ, ಒಳಗೆ ಈ ಪಟ್ಟಿಯ ತುದಿ ಸರಿದು ಹೋಗಿ, ಕರೆಂಟು ಬರುವ ಒಂದು ಟರ್ಮಿನಲ್ಲಿಗೆ ಒತ್ತಿ ನಿಲ್ಲಬೇಕು. ನಿಂತರೆ ಚಟ್ನಿ. ನಿಲ್ಲದಿದ್ದರೆ ಆ ಮನೆಯಲ್ಲಿ ಅವತ್ತು ಗಂಡಹೆಂಡಿರ ಜಗಳ.

ಕೆ.ಆರ್. ಪುರದ ಹತ್ತಿರ ಇಂಥ ಸ್ವಿಚ್ಚುಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಟೂಲ್ ರೂಮಿನಲ್ಲಿದ್ದ ಬೈಲಪ್ಪ ಹದಿನಾಲ್ಕು ವರ್ಷದ ಹಿಂದೆ ಆ ಪಟ್ಟಿಯ ತುದಿಯನ್ನು ಸೌಟಿನ ಬಾಯಿಯ ಹಾಗೆ ಬಗ್ಗಿಸಿ, ಅದನ್ನು ಅಚ್ಚೊತ್ತುವ ಡೈಯನ್ನೂ ತಾನೇ ಮಾಡಿಕೊಟ್ಟಿದ್ದ. ಹಳೇ ಮಾಲೀಕರು ಬೆನ್ನು ತಟ್ಟಿ, ಇನ್ನು ಮೇಲೆ ಇದು ಬೈಲಪ್ಪನ ಪಟ್ಟಿ ಎಂದರು. ಡ್ರಾಯಿಂಗಿನಲ್ಲಿ ಅದಕ್ಕೆ ಬೇರೆ ನಂಬರಿತ್ತು, ಆದರೆ ಕಾರ್ಖಾನೆಯಲ್ಲಿ ಯಾರೂ ಆ ನಂಬರು ಹೇಳುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ ಎರಡು ಸಲವೂ ಡುಮ್ಕಿ ಹೊಡೆದ ಬೈಲಪ್ಪನಿಗೆ, ಭೂಮಿಯ ಮೇಲೆ ತನ್ನ ಹೆಸರಿನಲ್ಲಿ ಇದ್ದದ್ದು ಅದೊಂದೇ.

ಈಗ ಹಳೇ ಮಾಲೀಕರಿಲ್ಲ. ಅವರ ಮಗ ಜಗದೀಶ್ ಕೂತಿದ್ದಾನೆ. ಮೋನಿಷಾ ಎಂಬ ಹೊಸ ಇಂಜಿನಿಯರು ಬಂದಿದ್ದಾಳೆ. ಒಳ್ಳೆಯ ಹುಡುಗಿಯೇ, ಸಿಕ್ಕಿದಾಗಲೆಲ್ಲ ತಿಂಡಿ ಆಯ್ತಾ ಅಂಕಲ್ ಎನ್ನುತ್ತಾಳೆ. ಆದರೆ ಅವಳು ಕಂಪ್ಯೂಟರಿನಲ್ಲಿ ಬರೆದಿರುವ ಪಟ್ಟಿ ಇಕ್ಕಳದ ಹಾಗೆ ಟರ್ಮಿನಲ್ಲನ್ನು ಎರಡು ಕಡೆಯಿಂದ ಹಿಡಿಯುತ್ತದೆ. ಬೈಲಪ್ಪನದು ಒಂದೇ ಕಡೆ ಒತ್ತುತ್ತದೆ, ಬಿಸಿಗೆ ಬಿಗಿ ಸಡಿಲಾಗುತ್ತದೆ, ಕಿಡಿ ಹಾರಿ ತುದಿ ಕಪ್ಪಾಗುತ್ತದೆ ಎಂದು ಅವಳ ವಾದ. ಹಳೇ ಡೈ ಗುಜರಿಗೆ ಹಾಕುವುದೆಂದು ಮಾತಾಯಿತು. ಬೈಲಪ್ಪ ಇಡೀ ಮೀಟಿಂಗಿನಲ್ಲಿ ಬಾಯಿ ಬಿಟ್ಟದ್ದು ಒಂದೇ ಸಲ.

"ನಮ್ಮನೆ ಮಿಕ್ಸೀಲಿ ನಂದೇ ಪಟ್ಟಿ ಸಾರ್. ಹದಿನಾಲ್ಕು ವರ್ಷ ಆಯ್ತು, ಒಂದ್ ದಿನ ಕೈಕೊಟ್ಟಿಲ್ಲ. ನಾಳೆ ತಂದು ನಿಮ್ಮೆದುರಿಗೇ ಬಿಚ್ತೀನಿ."

ನಾಳೆ ಮಧ್ಯಾಹ್ನ ಎರಡು ಗಂಟೆಯೊಳಗೆ ತನ್ನಿ, ನೋಡಿಯೇ ತೀರ್ಮಾನ ಮಾಡೋಣ ಎಂದ ಜಗದೀಶ್.

ಬೈಲಪ್ಪ ಹಾಗೆ ಎದೆ ತಟ್ಟಿ ಹೇಳಲು ಆಧಾರ ಅವನ ಹೆಂಡತಿ ಗಂಗಲಕ್ಷ್ಮಮ್ಮ. ಅವಳು ಹೋಗಿ ಎಂಟು ತಿಂಗಳಾಯಿತು. ಹದಿನೈದೇ ದಿನದ ಜ್ವರ. ಇದ್ದಷ್ಟು ದಿನವೂ ಅವಳು ಹಲಸೂರಿನ ತಮ್ಮ ವಠಾರದಲ್ಲಿ ಯಾರ ಮಿಕ್ಸಿ ಕೆಟ್ಟರೂ ಸೊಂಟಕ್ಕೆ ಕೈಯಿಟ್ಟು ಬಂದು ನಿಂತು, ನಮ್ಮನೆಯವರು ಮಾಡಿದ ಸ್ವಿಚ್ಚು ನೋಡಿ, ಮದುವೆಯಾದ ಹೊಸದರಲ್ಲಿ ಹೇಗೆ ತಿರುಗುತ್ತಿತ್ತೋ ಈಗಲೂ ಹಾಗೇ ತಿರುಗುತ್ತೆ ಎನ್ನುತ್ತಿದ್ದಳು. ಮದುವೆಯ ಹೊಸದರಲ್ಲಿ ಅವರ ಮನೆಯಲ್ಲಿದ್ದದ್ದು ಒರಳು, ಆದರೆ ಹೆಮ್ಮೆಯ ಮಾತಿಗೆ ಲೆಕ್ಕ ಕೇಳಬಾರದು. ಬೈಲಪ್ಪನಂತೂ ಆ ಮಿಕ್ಸಿಯನ್ನು ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಕೆಡದೇ ಇರುವುದನ್ನು ಬಿಚ್ಚಬಾರದು ಎನ್ನುವುದು ಟೂಲ್ ರೂಮಿನ ಧರ್ಮ.

ಗಂಗಲಕ್ಷ್ಮಮ್ಮನಿಗಿದ್ದ ಒಂದೇ ಹುಚ್ಚೆಂದರೆ ರಸೆಲ್ ಮಾರ್ಕೆಟ್ಟು. ಮನೆಯಿಂದ ನಾಲ್ಕು ಹೆಜ್ಜೆಗೆ ಹಲಸೂರು ಬಜಾರಿದ್ದರೂ, ಎಂಟೊಂಬತ್ತು ತಿಂಗಳಿಗೊಮ್ಮೆ ದೊಡ್ಡ ಚೀಲ ಹಿಡಿದು ಶಿವಾಜಿನಗರದ ಬಸ್ಸು ಹತ್ತಿಬಿಡುತ್ತಿದ್ದಳು. ಸಂಜೆ ಅಷ್ಟು ದೊಡ್ಡ ಚೀಲದಿಂದ ಹೊರಗೆ ಬರುತ್ತಿದ್ದದ್ದು ಒಂದು ಕಟ್ಟು ಕೊತ್ತಂಬರಿ. ಹಲಸೂರಲ್ಲೇ ಸಿಗತ್ತಲ್ಲೇ ಎಂದು ಬೈಲಪ್ಪ ನಗುವನು. ಅಲ್ಲಿಯದರ ಘಮಾನೇ ಬೇರೆ ಕಣ್ರೀ ಎಂದು ಅವಳು ಒಳಗೆ ಹೋಗುವಳು. ಕೊನೆಯ ಆರೇಳು ವರ್ಷದಲ್ಲಿ ಆ ಹುಚ್ಚು ತಾನಾಗಿ ಬಿಟ್ಟುಹೋಯಿತು. ಮಂಡಿನೋವು ಇರಬೇಕೆಂದು ಬೈಲಪ್ಪ ಅಂದುಕೊಂಡಿದ್ದ.

ಸರಿ, ಬೆಳಿಗ್ಗೆ ಎದ್ದವನೇ ಪಕ್ಕದ ಮನೆಯ ಪಿಳ್ಳಮ್ಮನ ಬಾಗಿಲಿಗೆ ಹೋದ. ಮಿಕ್ಸಿ ಇದ್ದದ್ದು ಅಲ್ಲಿ. ಗಂಗಲಕ್ಷ್ಮಮ್ಮ ತೀರಿಕೊಂಡ ವಾರವೇ ಪಿಳ್ಳಮ್ಮ ಬಂದು, ಒಬ್ಬ ಗಂಡಸಿಗೆ ಮಿಕ್ಸಿ ಯಾಕೆ, ಚಟ್ನಿ ನಾನು ರುಬ್ಬಿ ಕೊಡ್ತೀನಿ ಎಂದು ಎತ್ತಿಕೊಂಡು ಹೋಗಿದ್ದಳು. ಎಪ್ಪತ್ತರ ಮುದುಕಿ, ವಠಾರದಲ್ಲಿ ಯಾರ ಮನೆಯಲ್ಲಿ ಸೀನಿದರೂ ಆರೋಗ್ಯ ವಿಚಾರಿಸುವವಳು. ಬೈಲಪ್ಪನನ್ನು ತಮ್ಮನ ಹಾಗೆ ಗದರುವಳು. ಕೊಟ್ಟ ಮಾತಿನಂತೆ ದಿನವೂ ಚಟ್ನಿ ಮಾತ್ರ ಬರುತ್ತಿತ್ತು.

ಮಿಕ್ಸಿ ಬೇಕು, ಮಾಲೀಕರ ಎದುರು ಬಿಚ್ಚಬೇಕು ಎಂದ ಕೂಡಲೇ ಪಿಳ್ಳಮ್ಮನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಜಾರಿನಲ್ಲಿ ಉದ್ದಿನಬೇಳೆ ಅರ್ಧ ರುಬ್ಬಿದೆ ಎಂದಳು. ಪರವಾಗಿಲ್ಲ, ಜಾರು ನೀನೇ ಇಟ್ಕೋ ಅಕ್ಕ ಎಂದ ಬೈಲಪ್ಪ. ರುಬ್ಬೋದು ಹೇಗೆ, ಕರೆಂಟಿಲ್ಲ ಎಂದಳು. ಅವಳ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಇಬ್ಬರೂ ಒಂದು ಕ್ಷಣ ಆ ಫ್ಯಾನನ್ನೇ ನೋಡಿದರು. ಕಡೆಗೆ ಪಿಳ್ಳಮ್ಮ, ಸ್ನಾನ ಮಾಡ್ಕೊಂಡ್ ಬಾ ಹೋಗು, ಒರೆಸಿ ಇಟ್ಟಿರ್ತೀನಿ ಎಂದು ಬಾಗಿಲು ಹಾಕಿಕೊಂಡಳು.

ಸ್ನಾನ ಮಾಡಿ ಬರುವಷ್ಟರಲ್ಲಿ ಬೀಗ. ಎದುರುಮನೆಯ ಜಹನಾರಾ ಬಟ್ಟೆ ಒಣಗಿಸುತ್ತಾ, ಅಮ್ಮ ಏನೋ ಸೀರೆಯಲ್ಲಿ ಸುತ್ತಿಕೊಂಡು ಮಗುವಿನ ಹಾಗೆ ತಬ್ಬಿಕೊಂಡು ಆಟೋ ಹತ್ತಿದ್ರು, ಶಿವಾಜಿನಗರ ಮಿಕ್ಸಿ ಪಾಷಾ ಅಂಗಡಿ ಅಂದ್ರು ಎಂದಳು. ಬೈಲಪ್ಪನಿಗೆ ಎಲ್ಲ ಅರ್ಥವಾಯಿತು, ಅಂದರೆ ಹಾಗೆಂದು ಅವನು ತಿಳಿದ. ಮುದುಕಿ ಏನೋ ಮಾಡಲು ಹೋಗಿ ಮಿಕ್ಸಿ ಕೆಡಿಸಿದ್ದಾಳೆ, ಈಗ ಗುಟ್ಟಾಗಿ ರಿಪೇರಿ ಮಾಡಿಸಲು ಓಡಿದ್ದಾಳೆ. ಹದಿನಾಲ್ಕು ವರ್ಷದ ಸಾಕ್ಷಿಗೆ ಇವತ್ತೇ ಯಾರೋ ಸ್ಕ್ರೂಡ್ರೈವರ್ ಹಾಕಿಬಿಟ್ಟರೆ ಗತಿಯೇನು? ಅವನೂ ಆಟೋ ಹಿಡಿದ.

ಅಹ್ಮದ್ ಪಾಷಾನ ಅಂಗಡಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಅಂಗಡಿ ಎಂದರೆ ಒಂದು ಸ್ಟೂಲು, ಸುತ್ತ ನೂರು ಮಿಕ್ಸಿ. ಬೈಲಪ್ಪ ಗಲ್ಲಿಗಲ್ಲಿ ಹುಡುಕಿ ಹನ್ನೆರಡರ ಹೊತ್ತಿಗೆ ಅಲ್ಲಿ ಮುಟ್ಟಿದಾಗ ಪಾಷಾ ಗಿರಾಕಿಯೊಬ್ಬನ ಜೊತೆ ವಾದಕ್ಕಿಳಿದಿದ್ದ. ಅವನ ಮಿಕ್ಸಿಯ ತಳದ ತಟ್ಟೆ ಬಿಚ್ಚಿ ಒಳಮೈ ತೋರಿಸಿದ. ಅಲ್ಲಿ ಹಸಿರು ಮಾರ್ಕರಿನಲ್ಲಿ ತಾರೀಖು ಬರೆದಿತ್ತು. "ನಾನ್ ಸ್ವಿಚ್ ಹಾಕಿದ್ ದಿನ ಇಲ್ಲಿ ಬರೀತೀನಿ ಭಾಯ್. ಆರು ತಿಂಗಳು ಗ್ಯಾರಂಟಿ. ನಿಮ್ದು ಮುಗ್ದು ಒಂದ್ ತಿಂಗಳಾಯ್ತು." ಗಿರಾಕಿ ದುಡ್ಡು ಎಣಿಸತೊಡಗಿದ. ಮೂಲೆಯಲ್ಲಿ ಮಡಿಲಲ್ಲಿ ಗಂಟು ಇಟ್ಟುಕೊಂಡು ಪಿಳ್ಳಮ್ಮ ಸರದಿ ಕಾಯುತ್ತಿದ್ದಳು. ಪಾಷಾ ಹಳೇ ಡಬ್ಬವೊಂದನ್ನು ಮಗುಚಿ ಏನೋ ಹುಡುಕತೊಡಗಿದ.

ಬೈಲಪ್ಪನನ್ನು ಕಂಡ ಪಿಳ್ಳಮ್ಮ ಗಂಟಿನ ಮೇಲೆ ಸೆರಗೆಳೆದಳು. ಬೈಲಪ್ಪ ಗಂಟಿಗೆ ಕೈ ಹಾಕಿದ. ಪಾಷಾ ತಲೆಯೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬೈಲಪ್ಪ ಅಂದ್ರೆ ನೀವೇನಾ ಸಾಬ್?"

ಬೈಲಪ್ಪ ಆ ಗಡಿಬಿಡಿಯಲ್ಲೂ ಉಬ್ಬಿಹೋದ. ತನ್ನ ಪಟ್ಟಿಯ ಕೀರ್ತಿ ಶಿವಾಜಿನಗರದ ಗಲ್ಲಿಗೂ ಮುಟ್ಟಿದೆ! ಹೌದು, ನಾನೇ ಎಂದು ಕಾಲರ್ ಸರಿಮಾಡಿಕೊಂಡ. ಪಾಷಾ ಇನ್ನೇನೋ ಹೇಳಲು ಹೋಗಿ, ಪಿಳ್ಳಮ್ಮ ಕಣ್ಣು ಕೆಂಪು ಮಾಡಿದ್ದನ್ನು ನೋಡಿ, ಅರ್ಧ ಗಂಟೆ ಕೊಡಿ ಸಾಬ್, ಫಸ್ಟ್ ಕ್ಲಾಸ್ ಮಾಡ್ಕೊಡ್ತೀನಿ ಎಂದಷ್ಟೇ ಅಂದ.

"ನಾನೇ ಕೆಡಿಸ್ದೆ ಕಣೋ, ನೆಲಕ್ ಬಿತ್ತು. ಅರ್ಧ ಗಂಟೆ ಬಿಟ್ರೆ ನಿನ್ ಗಂಟೇನ್ ಹೋಗತ್ತೆ?" ಎಂದಳು ಪಿಳ್ಳಮ್ಮ.

ಬೈಲಪ್ಪ ಪಕ್ಕದ ಪ್ಲಗ್ಗಿಗೆ ವಯರು ಸಿಕ್ಕಿಸಿ ಗುಂಡಿ ತಿರುಗಿಸಿದ. ಮಿಕ್ಸಿ ಝುಂಯ್ ಎಂದಿತು. ನೆಲಕ್ಕೆ ಬಿದ್ದರೂ ಅಲುಗದ ಪಟ್ಟಿ, ನೋಡಿ! ಅವನಿಗೆ ಸಂತೋಷದಲ್ಲಿ ಕಣ್ಣೇ ತುಂಬಿ ಬಂತು. ಗಂಟು ಎತ್ತಿಕೊಂಡು ಹೊರಟ. ನಾನೂ ಬರ್ತೀನಿ ಎಂದು ಪಿಳ್ಳಮ್ಮ ಚಪ್ಪಲಿ ಮೆಟ್ಟಿದಳು.

ಎಂ.ಜಿ. ರಸ್ತೆಯ ಮೆಟ್ರೋದಲ್ಲಿ ಗಂಟು ತಪಾಸಣೆಯ ಯಂತ್ರದೊಳಗೆ ಹೋಯಿತು. ಆಚೆ ಬದಿಯ ಸೆಕ್ಯುರಿಟಿ ಹೆಂಗಸು ಇದೇನೆಂದು ಕೇಳಿದಳು. ಮಿಕ್ಸಿ ಎಂದು ಬೈಲಪ್ಪ ಹೇಳುವ ಮೊದಲೇ ಪಿಳ್ಳಮ್ಮ, ಏನೋ ನಮಗ್ ಗೊತ್ತಿಲ್ಲಮ್ಮ, ಯಾರೋ ಕೊಟ್ರು, ಬೇಕಾದ್ರೆ ನೀವೇ ಇಟ್ಕೊಳ್ಳಿ ಎಂದುಬಿಟ್ಟಳು. ಆಮೇಲೆ ಕೇಳಬೇಕೆ? ಮೂರು ಜನ ಸೇರಿದರು, ಗಂಟು ಬಿಚ್ಚಿಸಿದರು, ಆಧಾರ್ ಕೇಳಿದರು, ಪಿಳ್ಳಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟರು, ಬೈಲಪ್ಪನನ್ನು ನಿಲ್ಲಿಸಿ ಬೈದರು. ಅಲ್ಲಿಂದ ಪಾರಾಗಲು ಮುಕ್ಕಾಲು ಗಂಟೆ ಹಿಡಿಯಿತು. ಈ ಮುದುಕಿಗೆ ಅರಳುಮರಳು ಹತ್ತಿದೆ ಎಂದು ಬೈಲಪ್ಪ ಕೆ.ಆರ್. ಪುರ ಬರುವವರೆಗೂ ಗೊಣಗಿದ. ಪಿಳ್ಳಮ್ಮ ಮಾತ್ರ ಇಳಿಯುವಾಗ ಅವನ ತೋಳು ಹಿಡಿದು, ಬೇಡ ಕಣೋ, ವಾಪಸ್ ಹೋಗೋಣ, ನನ್ ಮಾತ್ ಕೇಳು ಎಂದಳು. ಅವನು ಕೇಳಲಿಲ್ಲ.

ಎರಡಕ್ಕೆ ಐದು ನಿಮಿಷವಿದ್ದಾಗ ಮಿಕ್ಸಿ ಜಗದೀಶನ ಮೇಜಿನ ಮೇಲೆ ಕೂತಿತು. ಪಿಳ್ಳಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಮುಖ ಗೋಡೆಗೆ ತಿರುಗಿಸಿಕೊಂಡಳು. ಬೈಲಪ್ಪ ಮೊದಲು ಗುಂಡಿ ತಿರುಗಿಸಿ ಒಂದು, ಎರಡು, ಮೂರು ತೋರಿಸಿದ. ಆಮೇಲೆ ಮಿಕ್ಸಿಯನ್ನು ಬೋರಲು ಹಾಕಿ, ನೀನೇ ಬಿಚ್ಚಮ್ಮ ಎಂದು ಸ್ಕ್ರೂಡ್ರೈವರನ್ನು ಮೋನಿಷಾಳ ಕೈಗೆ ಕೊಟ್ಟ. ಗೆಲ್ಲುವ ದಿನ ದೊಡ್ಡತನ ತೋರಿಸಬೇಕಲ್ಲ.

ನಾಲ್ಕು ಸ್ಕ್ರೂ ಬಂದವು. ಮೋನಿಷಾ ತಟ್ಟೆ ಎತ್ತಿ ಮಗುಚಿ ನೋಡಿದಳು, ಒಳಗೆ ನೋಡಿದಳು, ಮತ್ತೆ ತಟ್ಟೆ ನೋಡಿದಳು. ಅದನ್ನು ಬೈಲಪ್ಪನ ಮುಂದಿಟ್ಟಳು.

ತಟ್ಟೆಯ ಒಳಮೈಯಲ್ಲಿ ಹಸಿರು ಮಾರ್ಕರು. ಒಂದರ ಕೆಳಗೊಂದು ಒಂಬತ್ತು ತಾರೀಖು. ಮೊದಲನೆಯದು ಮಿಕ್ಸಿ ಮನೆಗೆ ಬಂದ ಏಳನೇ ತಿಂಗಳಿನದು. ಆಮೇಲೆ ಎಂಟೊಂಬತ್ತು ತಿಂಗಳಿಗೊಂದು. ಕೊನೆಯದಕ್ಕೆ ಏಳು ವರ್ಷವಾಗಿತ್ತು. ಒಳಗಿದ್ದ ಸ್ವಿಚ್ಚು ಬೈಲಪ್ಪನ ಕಾರ್ಖಾನೆಯದಲ್ಲ, ಯಾವುದೋ ಬೇರೆ ಕಂಪನಿಯದು. ಹೊರಗಿನ ಗುಂಡಿಯೊಂದು ಮಾತ್ರ ಅವನದು, ಕಣ್ಣಿಗೆ ಕಾಣುವುದು ಅದೇ ತಾನೆ. ಸ್ವಿಚ್ಚಿನ ಪಟ್ಟಿ ಟರ್ಮಿನಲ್ಲನ್ನು ಎರಡು ಕಡೆಯಿಂದ ಇಕ್ಕಳದ ಹಾಗೆ ಹಿಡಿದುಕೊಂಡಿತ್ತು. ಏಳು ವರ್ಷ ಚಟ್ನಿ ರುಬ್ಬಿಯೂ ತುದಿ ಹೊಸದರಂತೆ ಹೊಳೆಯುತ್ತಿತ್ತು. ಆ ತಾರೀಖುಗಳು ಸ್ವಿಚ್ಚು ಬದಲಿಸಿದ ದಿನದವೆಂದು ಬೈಲಪ್ಪನೇ ಹೇಳಬೇಕಾಯಿತು.

ಜಗದೀಶನಿಗೆ ವ್ಯಾಪಾರದ ಬುದ್ಧಿ ಜಾಸ್ತಿ, ಬೇರೆ ಬುದ್ಧಿ ಕಡಿಮೆ. ಇದಕ್ಕಿಂತ ಪ್ರೂಫ್ ಬೇಕಾ, ಒಂಬತ್ತು ಸಲ ಹಳೇ ಡಿಸೈನು ಸುಟ್ಟಿದೆ, ಇಕ್ಕಳ ಹಾಕಿದ್ದು ಒಂದೇ ಸಲ, ಬೈಲಪ್ಪೋರೆ ಮಿಕ್ಸಿ ಹಿಡ್ಕೊಂಡ್ ನಿಂತ್ಕೊಳ್ಳಿ, ಕ್ಯಾಟಲಾಗಿಗೆ ಒಂದು ಫೋಟೋ ತೆಗೆಯೋಣ ಎಂದು ಫೋನು ಎತ್ತಿದ. ಬೈಲಪ್ಪ ಹೇಳಿದಲ್ಲಿ ನಿಂತ. ಮೋನಿಷಾ ಎದ್ದು, ಬೇಡ ಸಾರ್, ಪ್ಲೀಸ್ ಎಂದಳು. ಅಷ್ಟರಲ್ಲಿ ಫೋಟೋ ಆಗಿಹೋಗಿತ್ತು.

ಆ ಹುಡುಗಿದೇ ಹಾಕಿ ಸಾರ್, ಒಳ್ಳೇ ಪಟ್ಟಿ ಎಂದು ಬೈಲಪ್ಪ ನಾಲ್ಕು ಸ್ಕ್ರೂಗಳನ್ನೂ ತಾನೇ ಬಿಗಿ ಮಾಡಿದ. 

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತಾಗ ಪಿಳ್ಳಮ್ಮ ಎಲ್ಲ ಹೇಳಿದಳು. ಮೊದಲ ಸಲ ಸ್ವಿಚ್ಚು ಸುಟ್ಟಾಗ ಗಂಗಲಕ್ಷ್ಮಮ್ಮ ಅತ್ತಿದ್ದಳಂತೆ. ಅದೇ ವಾರ ಮಾಲೀಕರು ಬೈಲಪ್ಪನಿಗೆ ಶಾಲು ಹೊದಿಸಿದ್ದರು. ಆಮೇಲೆ ಹೇಳಲು ಅವಳಿಗೆ ಬಾಯಿಯೇ ಬರಲಿಲ್ಲ. ಎಂಟು ಸಲ ಇವನ ಕಂಪನಿಯ ಸ್ವಿಚ್ಚನ್ನೇ ಹಾಕಿಸಿದಳು, ಒಂಬತ್ತನೆಯ ಸಲ ಪಾಷಾ ಬೇರೆಯದು ಹಾಕಿ ಗುಂಡಿ ಮಾತ್ರ ಹಳೆಯದೇ ಉಳಿಸಿದ. ಜ್ವರದಲ್ಲಿ ಮಲಗಿದ್ದಾಗ ಪಿಳ್ಳಮ್ಮನ ಕೈ ಹಿಡಿದು, ಮಿಕ್ಸಿ ನಿನ್ನ ಹತ್ರಾನೇ ಇಟ್ಕೋ ಅಕ್ಕ, ಅವರು ಬಿಚ್ಚೋದು ಬೇಡ ಎಂದಿದ್ದಳು. ಪಾಷಾನ ಹತ್ತಿರ ಬೈಲಪ್ಪನ ಕಂಪನಿಯ ಹಳೇ ಸ್ವಿಚ್ಚೊಂದು ಡಬ್ಬದಲ್ಲಿತ್ತು. ಅದನ್ನು ಹಾಕಿ, ತಾರೀಖು ಒರೆಸಿ ಕೊಡುತ್ತೇನೆಂದು ಅವನು ಒಪ್ಪಿದ್ದ.

"ಅರ್ಧ ಗಂಟೆ ಕೇಳ್ದೆ. ನೀನ್ ಕೊಡ್ಲಿಲ್ಲ" ಎಂದಳು ಪಿಳ್ಳಮ್ಮ.

ಬೈಲಪ್ಪ ಮಿಕ್ಸಿಯ ಗುಂಡಿಯನ್ನು ಒಂದು, ಎರಡು, ಮೂರು ಎಂದು ತಿರುಗಿಸಿದ. "ಮೊದಲ್ನೇ ಸಲಾನೇ ಹೇಳಿದ್ರೆ ತುದೀನ ಒಂದ್ ಚೂರು ಬಗ್ಗಿಸಿ ಸರಿ ಮಾಡ್ತಿದ್ದೆ ಅಕ್ಕ. ಒಂದ್ ದಿನದ್ ಕೆಲ್ಸ" ಎಂದ. ಹಾಗೆಂದವನೇ ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ. ಪಿಳ್ಳಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. ಶಿಫ್ಟು ಬಿಟ್ಟು ಬರುತ್ತಿದ್ದವರು ನೋಡುತ್ತಾ ಹೋದರು.

ವಾಪಸು ಮೆಟ್ರೋದಲ್ಲಿ ಮಿಕ್ಸಿ ಅವನ ತೊಡೆಯ ಮೇಲಿತ್ತು. ಇಂದಿರಾನಗರ ದಾಟಿತು, ಹಲಸೂರು ಬಂತು. ಪಿಳ್ಳಮ್ಮ ಎದ್ದಳು. ಬೈಲಪ್ಪ ಏಳಲಿಲ್ಲ.

"ಕೂತ್ಕೋ ಅಕ್ಕ. ರಸೆಲ್ ಮಾರ್ಕೆಟ್‌ಗೆ ಹೋಗಿ ಒಂದ್ ಕಟ್ಟು ಕೊತ್ತಂಬರಿ ತರೋಣ."

"ಕೊತ್ತಂಬರಿ ಹಲಸೂರಲ್ಲೇ ಸಿಗತ್ತಲ್ಲೋ."

"ಅಲ್ಲೀದರ ಘಮಾನೇ ಬೇರೆ" ಎಂದ ಬೈಲಪ್ಪ, ಗಂಟನ್ನು ಎದೆಗೆ ಒತ್ತಿಕೊಂಡು. ಬಾಗಿಲು ಮುಚ್ಚಿತು. ಪಿಳ್ಳಮ್ಮ ಬಂದು ಪಕ್ಕದಲ್ಲಿ ಕೂತಳು.