ಆಯೇರಿ ಸೀರೆಯೂ ಮೊಳದುದ್ದದ ಮೀನೂ

"ಮೀನ ಸಾಕೂದಂದ್ರ ಏನ ಆನಿ ಸಾಕೂದೇನ? ನೋಡ್ತಿರು, ಐನಾಪುರದಾಗ ಇಂಥಾ ಮನಿ ಇನ್ನೊಂದ ಇರಬಾರ್ದು!"

ದ್ರಾಕ್ಷಿ ಮಾರಲು ಮಿರಜಿಗೆ ಹೋದ ಮುರಗೆಪ್ಪ ಮೀನಿನ ಗಾಜಿನ ತೊಟ್ಟಿಯನ್ನು ಎದೆಗೆ ಅವಚಿಕೊಂಡು ಟೆಂಪೋದಿಂದ ಇಳಿದಾಗ ಹೆಂಡತಿಗೆ ಹೇಳಿದ ಮಾತಿದು. ಬಣ್ಣದ ಟಿವಿಯನ್ನೇ ಊರ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾಲ!

ಕಸ್ತೂರೆವ್ವ ಹಣೆ ಬಡಿದುಕೊಂಡಳು. "ತತ್ತಿ ಸೈತ ಕಾಣದ ಮನಿ ಇದು. ಮೀನ ಐತಿ ಅಂತ ಗೊತ್ತಾದ್ರ ನನ್ನ ತವರಿನವ್ರು ಇಲ್ಲಿ ನೀರೂ ಕುಡ್ಯಾಂಗಿಲ್ಲ."

"ಹುಚ್ಚಿ! ಈ ಕರೀದು ಐತೆಲ್ಲ, ಇದು ಪಕ್ಕಾ ಶಾಕಾಹಾರಿ. ಗಾಜಿಗೆ ಹತ್ತಿದ ಪಾಚಿ ಬಿಟ್ಟು ಏನೂ ಮುಟ್ಟೂದಿಲ್ಲಂತ ಅಂಗಡಿಯಾಂವ ಹೇಳ್ಯಾನ."

ಬಣ್ಣಬಣ್ಣದ ಮೀನುಗಳೆಲ್ಲ ಒಂದೊಂದಾಗಿ ಶಿವನ ಪಾದ ಸೇರಿದವು. ಬೆರಳುದ್ದದ ಕರಿ ಮೀನು ಮಾತ್ರ ಎರಡು ವರ್ಷದಲ್ಲಿ ಮೊಳದುದ್ದ ಬೆಳೆಯಿತು! ಮೈತುಂಬ ಗಟ್ಟಿ ಚಿಪ್ಪು, ಗಾಜಿಗೆ ಅಂಟಿದ ಬಾಯಿ, ಹಗಲೆಲ್ಲ ಮಿಸುಕಾಡದ ಮೌನ. "ಮುರಗೆಪ್ಪ ಕೃಷ್ಣಾ ಹೊಳಿ ಮೊಸಳಿ ಮರಿ ಸಾಕ್ಯಾನ" ಎಂದು ಊರು ಗುಸುಗುಸು ಎಂದಿತು. ಸ್ವತಃ ಮುರಗೆಪ್ಪನೇ ತೊಟ್ಟಿಯಲ್ಲಿ ಕೈ ಹಾಕುವುದನ್ನು ಬಿಟ್ಟ. ಕೊನೆಗೆ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಸತ್ಯಪ್ಪನನ್ನು ಕರೆಸಿದ.

"ಮೊಸಳಿಗೆ ಕಾಲ ಇರ್ತಾವ್ರಿ, ಇದಕ್ಕ ಎಲ್ಲಿ ಅದಾವ?" ಎಂದರು ಮಾಸ್ತರರು. "ಇದು ಮೀಸಿ ಮೀನಿನ ಜಾತಿ, ದಕ್ಷಿಣ ಅಮೇರಿಕಾದ ಹೊಳೀದು. ಮೈಮ್ಯಾಲ ಕವಚ ಐತಿ ನೋಡ್ರಿ. ಪಾಪ, ತಿರಗಿ ಹೊಳ್ಳಾಕೂ ಜಾಗಾ ಇಲ್ಲ, ದೊಡ್ಡ ತೊಟ್ಟಿಗೆ ಹಾಕ್ರಿ. ಆದ್ರ ಜಾಳಿಗಿಲೆ ಹಿಡೀಬ್ಯಾಡ್ರಿ, ರೆಕ್ಕಿಗೆ ಮುಳ್ಳ ಅದಾವ. ಸಿಕ್ಕೊಂಡ್ರ ಬಿಡೂದಿಲ್ಲ."

"ಅಮೇರಿಕಾದ್ದು!" ಎಂದು ಮುರಗೆಪ್ಪನ ಎದೆ ಒಂದು ಗೇಣು ಉಬ್ಬಿತು. ಮುಂದಿನ ಮಾತು ಕಿವಿಗೆ ಅರ್ಧವೇ ಬಿತ್ತು.

ದೊಡ್ಡ ತೊಟ್ಟಿ ಬಂದು ಇಳಿದದ್ದು ಕಸ್ತೂರೆವ್ವನ ತಮ್ಮ ಕಾಕಾಸಾಹೇಬನ ಮಗನ ಮದುವೆಯ ಹಿಂದಿನ ದಿನ. ಮದುವೆ ಅಥಣಿಯಲ್ಲಿ. ಅಕ್ಕನಿಗೆಂದು ತಮ್ಮ ಮದುವೆಯ ಉಡುಗೊರೆಯಾಗಿ ಆಯೇರಿ ಮಾಡಿದ ಕೆಂಪು ಸೆರಗಿನ ಹೊಸ ಸೀರೆಯನ್ನು ಮಂಚದ ಮೇಲೆ ತೆಗೆದಿಟ್ಟು ಕಸ್ತೂರೆವ್ವ ಬಳೆ ಇಡಿಸಿಕೊಳ್ಳಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ಮೀನಿಗೆ ಗೃಹಪ್ರವೇಶ ಮಾಡಿಸಿಬಿಡಬೇಕೆಂದು ಮುರಗೆಪ್ಪ ಧೋತರದ ಕಚ್ಚೆ ಬಿಗಿದ.

ಮಾಸ್ತರ ಜಾಳಿಗಿ ಬೇಡ ಅಂದಿದ್ದಾನೆ, ಬಟ್ಟೆ ಬೇಡ ಅಂದಿಲ್ಲವಲ್ಲ! ಮೀನಿನ ಮೇಲಿನ ಕಣ್ಣು ತೆಗೆಯದೆ ಹಿಂದೆ ಕೈಚಾಚಿ ಮಂಚದ ಮೇಲೆ ಸಿಕ್ಕ ಮೆತ್ತನೆಯ ಬಟ್ಟೆ ಎಳೆದ. ಮೀನಿನ ಮೇಲೆ ಹಾಕಿದ. ಎತ್ತಿದ. ಎತ್ತಿದ್ದೇ ತಡ, ಮೀನು ರೆಕ್ಕೆ ಅಗಲಿಸಿ ಬಾಲ ಬೀಸಿತು! ಮುಳ್ಳುಗಳು ಸೆರಗಿನಲ್ಲಿ ಹೂತವು. ಬಿಡಿಸಲು ಹೋದಷ್ಟೂ ಮತ್ತಷ್ಟು ಹೂತವು. ಆಗ ಅವನು ಸೆರಗು ನೋಡಿದ. ಆಯೇರಿ ಸೀರೆ! ಮೀನು ಸಾಯಬಾರದೆಂದು ಸೀರೆಸಮೇತ ಬಕೆಟ್ಟಿನ ನೀರಿಗೆ ಇಳಿಸಿದ. ಹೊಸ ಸೀರೆ ಬಣ್ಣ ಬಿಟ್ಟಿತು. ನೀರು ಕೆಂಪು, ನೆಲ ಕೆಂಪು, ಮುರಗೆಪ್ಪನ ಮೊಳಕೈತನಕ ಕೆಂಪು!

ಅಷ್ಟರಲ್ಲಿ ಹಸಿರು ಬಳೆಗಳ ಸದ್ದು ಬಾಗಿಲಿಗೆ ಬಂತು.

"ಅಯ್ಯ ನನ್ನ ಶಿವನ! ಮನ್ಯಾಗ ಮೀನ ಕೊಯ್ದ್ರೇನ್ರಿ!"

"ರಕ್ತ ಅಲ್ಲ ಬೇ, ಬಣ್ಣ!"

"ಯಾವ ಬಣ್ಣ?"

ರಕ್ತವೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮುರಗೆಪ್ಪನಿಗೆ. ತಲೆ ತಗ್ಗಿಸಿ ಸೆರಗಿನ ತುದಿ ಎತ್ತಿ ತೋರಿಸಿದ. ಕಸ್ತೂರೆವ್ವ ಬಕೆಟ್ಟಿನ ಮೇಲೆ ಬಾಗಿದಳು.

"ಜೀವ ಐತೇನ್ರಿ ಅದಕ್ಕ?"

"ಐತಿ. ಸೆರಗ ಕತ್ತರಿಸಿದ್ರ ಉಳೀತೈತಿ. ಆದ್ರ..."

"ಆದ್ರ ಏನ ಆದ್ರ! ಕತ್ತರಿ ತರ್ರಿ!"

ತಂದ. ಅವಳು ಮುಳ್ಳಿನ ಸುತ್ತ ಕಚಕಚನೆ ಸೆರಗು ಕತ್ತರಿಸಿದಳು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ನನ್ನ ತಮ್ಮ ಎಷ್ಟ ಅಂಗಡಿ ಅಡ್ಡ್ಯಾಡಿ ತಂದಿದ್ನೋ" ಎನ್ನುತ್ತಲೇ ಕತ್ತರಿಸಿದಳು. ದೊಡ್ಡ ತೊಟ್ಟಿ ಸೇರಿದ ಮೀನು ಒಂದು ಸುತ್ತು ಹಾಕಿ, ಅವಳ ಬಳೆಯ ಸದ್ದಿನ ಕಡೆ ಬಂದು ಗಾಜಿಗೆ ಅಂಟಿತು.

"ನಿನ್ನ ಗುರ್ತ ಹೆಂಗ ಸಿಕ್ತು ಅದಕ್ಕ?" ಮುರಗೆಪ್ಪ ಬೆರಗಾದ.

"ಬರೇ ಪಾಚಿ ತಿಂದು ಇಷ್ಟ ದೊಡ್ಡದಾತಂತ ತಿಳದೀರೇನ? ಎರಡ ವರ್ಷ ದಿನಾ ಸೌತಿಕಾಯಿ ಹಾಕಿ ಸಾಕಿದಾಕಿ ನಾನು! ಅಡಗಿಮನ್ಯಾಗ ಸೌತಿಕಾಯಿ ಇಲಿ ತಿಂತಾವಂತ ಬೋನ ಇಟ್ಟಾವ್ರು ನೀವು!"

ಮರುದಿನ ಅಥಣಿಯಲ್ಲಿ ಅವಳು ಅದೇ ಸೀರೆ ಉಟ್ಟಳು, ಸೆರಗಿನ ತೂತಿಗೆ ಹಸಿರು ಕುಪ್ಪಸದ ಬಟ್ಟೆಯ ತೇಪೆ ಹಾಕಿ. ಊಟದ ಪಂಕ್ತಿಯಲ್ಲಿ ಕಾಕಾಸಾಹೇಬನ ಕಣ್ಣು ಅಲ್ಲಿಗೇ ಬಿತ್ತು.

"ಅಕ್ಕಾ, ಹೊಸಾ ಸೀರಿಗೆ ಏನಾತು?"

ಎಲೆಯ ಮುಂದೆ ಕೂತ ಮುರಗೆಪ್ಪ "ಇಲಿ ಅನ್ನು, ಇಲಿ" ಎಂದು ಕಣ್ಣಲ್ಲೇ ಬೇಡಿಕೊಂಡ.

"ಏನಿಲ್ಲೋ ತಮ್ಮಾ," ಎಂದಳು ಕಸ್ತೂರೆವ್ವ ಗಂಡನ ಕಡೆ ಕೈ ಮಾಡಿ, "ನಿಮ್ಮ ಮಾಮಾ ಇದರಾಗ ಮೀನ ಹಿಡದ್ರು."

ಅಕ್ಕಪಕ್ಕದವರು ಎಲೆ ಸರಿಸಿಕೊಂಡರು. "ತಿನ್ನಾಕಲ್ರಿ! ಮನಿ ಬದ್ಲಿ ಮಾಡಸಾಕ!" ಎಂದು ಮುರಗೆಪ್ಪ ಕೂಗಿದರೂ ಕೇಳುವವರಾರು? ಹೋಳಿಗೆಗೆ ತುಪ್ಪ ಬಡಿಸುವವನು ಅವನ ಎಲೆ ದಾಟಿ ಮುಂದೆ ಹೋದ.

ಕೊನೆಗೆ ಕಸ್ತೂರೆವ್ವನೇ ಬಂದು, ಹೋಳಿಗೆಯ ಪಕ್ಕ ನಾಲ್ಕು ಸೌತೆಕಾಯಿ ಹೋಳು ಇಟ್ಟಳು.

"ತಿನ್ರಿ. ಎರಡ ವರ್ಷ ಇದನ್ನ ತಿಂದರೂ ಆ ಮೀನ ಒಂದ ದಿನಾನೂ ಬಡಾಯಿ ಕೊಚ್ಚಿಲ್ಲ."